ಪುಷ್ಪಲತಾಳ ನಂಬರು

"ಪುಷ್ಪಲತಾ ಎಲ್ಲದಾಳ? ಹೊರಗ ಕರೀರಿ ಆಕೀನ!"

ಕೊಟ್ಟೂರಿನ ಗಂಗಾಧರ ಹರಪನಹಳ್ಳಿಯ ಪುಷ್ಪಲತಾಳ ಇಂಟರ್‌ನೆಟ್ ಅಂಗಡಿಗೆ ನುಗ್ಗಿದ ರಭಸಕ್ಕೆ, ರೀಚಾರ್ಜಿಗೆ ಬಂದಿದ್ದವರೆಲ್ಲ ತಿರುಗಿ ನೋಡಿದರು. ಮೂಲೆಯಲ್ಲಿ ಪೇಪರ್ ಓದುತ್ತಿದ್ದ ಪುಷ್ಪಲತಾಳ ತಂದೆ ಬಂಗಾರಪ್ಪ ಕನ್ನಡಕ ತೆಗೆದರು. ಅವಳು ಕಂಪ್ಯೂಟರಿನ ಹಿಂದಿನಿಂದ ಎದ್ದು ಬಂದಳು.

"ಬರ್ರಿ ಅಣ್ಣಾ. ಏನಾತು?"

"ನನ್ನ ಅಡ್ರೆಸ್ಸೆಲ್ಲ ನಿನ್ನ ನಂಬರಿಗೆ ಬರಕೊಂಡು, ಮ್ಯಾಲೆ ಏನಾತು ಅಂತ ಕೇಳ್ತೀಯಾ?"

ಗಂಗಾಧರ ಕೇಬಲ್ ಟೀವಿಯ ಕಾಲದಿಂದ ಈ ಧಂದೆಯಲ್ಲಿದ್ದವನು. ಕಂಬ, ತಂತಿ, ಜಗಳ ಮೂರನ್ನೂ ಬಲ್ಲವನು. ಟೀವಿ ಹೋಗಿ ಇಂಟರ್‌ನೆಟ್ ಬಂದಾಗ ಅದಕ್ಕೂ ಒಗ್ಗಿಕೊಂಡ. ಇಷ್ಟು ದಿನ ತನಗೆ ನೆಟ್ ಕೊಡುವ ಮೇಲಿನ ದೊಡ್ಡ ಕಂಪನಿಯ ನೆಟ್ ಅಡ್ರೆಸ್ಸುಗಳನ್ನೇ ಗಿರಾಕಿಗಳಿಗೆ ಹಂಚುತ್ತಿದ್ದವನು, ಈಚೆಗೆ ತನ್ನವೇ ಅಡ್ರೆಸ್ಸುಗಳನ್ನೂ ತನ್ನ ಜಾಲಕ್ಕೊಂದು ನಂಬರನ್ನೂ ಪಡೆದಿದ್ದ. ಆದರೆ ಪಡೆದರಷ್ಟೇ ಸಾಲದು. ಇಂಥ ಅಡ್ರೆಸ್ಸುಗಳು ಇಂಥ ನಂಬರಿನ ಜಾಲದಿಂದ ಬರುತ್ತವೆ ಎಂದು, ಎಲ್ಲರೂ ನೋಡಬಹುದಾದ ಒಂದು ರಿಜಿಸ್ಟ್ರಿಯಲ್ಲಿ ಬರೆದಿಡಬೇಕು. ಮೇಲಿನ ಕಂಪನಿಗಳು ಅದನ್ನು ಓದಿ, ನಂಬರು ಹೊಂದಿದರೆ ಮಾತ್ರ ಬಾಗಿಲು ತೆಗೆಯುತ್ತವೆ. ಅದನ್ನು ಬರೆಯುವ ಬಗೆ ತಿಳಿಯದೆ, ಹರಪನಹಳ್ಳಿಯಲ್ಲಿ ಇಂಥದೇ ಜಾಲ ನಡೆಸುವ ಪುಷ್ಪಲತಾಳನ್ನು ಕೇಳಿದ್ದ. ಅವಳು ಏನೂ ಮುಚ್ಚಿಡದೆ ತನ್ನ ದಾಖಲೆಯನ್ನೇ ಕಳಿಸಿ, ಇದನ್ನು ನೋಡಿ ನಿಮ್ಮದು ತುಂಬಿರಿ ಎಂದಿದ್ದಳು. ಅದರಂತೆ ತುಂಬಿ, ಗಿರಾಕಿಗಳನ್ನು ಹೊಸ ಅಡ್ರೆಸ್ಸುಗಳಿಗೆ ಸಾಗಿಸಿದ. ಬೆಳಗಾಗುವುದರೊಳಗೆ ಅರ್ಧ ಕೊಟ್ಟೂರಿಗೆ ನೆಟ್ ಇಲ್ಲ. ರಿಜಿಸ್ಟ್ರಿ ತೆಗೆದು ನೋಡಿದರೆ, ತನ್ನ ಅಡ್ರೆಸ್ಸುಗಳ ಕೆಳಗೆ ಪುಷ್ಪಲತಾಳ ನಂಬರು! ಹರಪನಹಳ್ಳಿಯವರು ನಮ್ಮದನ್ನು ಕದ್ದಿದ್ದಾರೆ ಎಂದು ಗಿರಾಕಿಗಳ ವಾಟ್ಸಾಪ್ ಗುಂಪಿಗೆ ಬರೆದು, ಬೈಕ್ ಹತ್ತಿ ಬಂದಿದ್ದ.

"ನಿಮ್ಮಂಥೋರನ್ನ ನಂಬಿದ್ದು ನನ್ನ ತಪ್ಪು," ಎಂದ.

ಪುಷ್ಪಲತಾಳ ಅಜ್ಜ ಗಂಗಾಧರನ ಮನೆಯವರ ಹೊಲದಲ್ಲಿ ಗೊಬ್ಬರಕ್ಕೆಂದು ರಾತ್ರಿ ಕುರಿ ತರುಬಿ ನಿಲ್ಲಿಸುತ್ತಿದ್ದ ಕುರಿಗಾಹಿ. ಆ ಮಾತು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂಬುದು ಅಲ್ಲಿದ್ದ ಎಲ್ಲರಿಗೂ ತಿಳಿಯಿತು.

ಪುಷ್ಪಲತಾ ಕಂಪ್ಯೂಟರಿನ ಪರದೆಯನ್ನು ಅವನ ಕಡೆ ತಿರುಗಿಸಿದಳು. "ಓದ್ರಿ. ಮ್ಯಾಲೆ ನಿಮ್ಮ ಅಡ್ರೆಸ್ಸು. ಅದರ ಕೆಳಗ ನನ್ನ ನಂಬರು, ಖರೇನ. ಇನ್ನೂ ಕೆಳಗ ಬರ್ರಿ. ಇದನ್ನ ಬರೆದೋರು ಯಾರು ಅಂತೈತಿ?"

ಗಂಗಾಧರ ಬಗ್ಗಿ ನೋಡಿದ. ಅವನದೇ ಕಂಪನಿಯ ಹೆಸರಿತ್ತು. ಅವನದೇ ಇಮೇಲ್ ಇತ್ತು.

ಅವಳು ಕಳಿಸಿದ್ದನ್ನು ಹಾಗೇ ಅಂಟಿಸಿ, ಅಡ್ರೆಸ್ಸು ಬದಲಿಸಿದ್ದ, ಹೆಸರು ಬದಲಿಸಿದ್ದ. ನಡುವಿನ ಆ ಒಂದು ಸಾಲನ್ನು ಮುಟ್ಟಿರಲಿಲ್ಲ.

"ಅದು ಫಾರ್ಮಿನ ನಂಬರು ಅನ್ಕೊಂಡಿದ್ದೆ. ಎಲ್ಲರಿಗೂ ಒಂದೇ ಅಂತ," ಎಂದ.

"ಅಲ್ರಿ ಸಾವ್ಕಾರ್ರ," ಎಂದ ಸರದಿಯಲ್ಲಿದ್ದ ಒಬ್ಬ, "ನಿಮ್ಮ ಮನಿ ನೀವೇ ಆಕಿ ಹೆಸರಿಗೆ ಬರಕೊಟ್ಟು, ಆಕಿ ಮ್ಯಾಲೇ ದಾವೆ ಹೂಡಾಕ ಬಂದೀರಲ್ಲ!"

ನಾಲ್ಕು ಜನ ನಕ್ಕರು. ಪುಷ್ಪಲತಾ ನಗಲಿಲ್ಲ. ಅವಳೂ ನಕ್ಕಿದ್ದರೆ ಗಂಗಾಧರನಿಗೆ ಎಷ್ಟೋ ಹಗುರಾಗುತ್ತಿತ್ತು.

"ನಿಮ್ಮದನ್ನ ನಾನು ಮುಟ್ಟಾಕ ಬರಂಗಿಲ್ಲ. ನಿಮ್ಮ ಪಾಸ್‌ವರ್ಡೇ ಬೇಕು," ಎಂದು ತನ್ನ ಕುರ್ಚಿ ಬಿಟ್ಟುಕೊಟ್ಟಳು. "ಈ ಸಾಲು ತಿದ್ದಾಕೂ ಆಗಂಗಿಲ್ಲ. ಇದನ್ನ ಅಳಿಸಿ ಹೊಸದು ಬರೀಬೇಕು. ಕುಂದ್ರಿ." ಈ ಸಲ ಅಣ್ಣಾ ಎನ್ನಲಿಲ್ಲ.

ಪಾಸ್‌ವರ್ಡ್ ಎರಡು ಸಲ ತಪ್ಪಿತು. ತನ್ನ ನಂಬರೇ ನೆನಪಾಗದೆ ಫೋನಿನಲ್ಲಿ ಹುಡುಕಬೇಕಾಯಿತು. ಅವಳು ಹಿಂದೆ ನಿಂತು, ಸಣ್ಣ ಮಕ್ಕಳಿಗೆ ಹೇಳಿಕೊಡುವ ತಾಳ್ಮೆಯಿಂದ ಒಂದೊಂದೇ ಸಾಲು ತೋರಿಸಿದಳು. ಮುಗಿದ ಮೇಲೆ ಮೇಲಿನ ಕಂಪನಿಗೆ ತಾನೇ ಫೋನ್ ಮಾಡಿ, ಕೊಟ್ಟೂರಿನದು ಸರಿಯಾಗಿದೆ, ರಿಜಿಸ್ಟ್ರಿಯನ್ನು ಈಗಲೇ ಮತ್ತೊಮ್ಮೆ ಓದಿಕೊಳ್ಳಿ ಎಂದಳು. ಇಲ್ಲದಿದ್ದರೆ ಸಂಜೆವರೆಗೂ ಕಾಯಬೇಕಿತ್ತು.

ಸ್ವಲ್ಪ ಹೊತ್ತಿಗೆ ಗಂಗಾಧರನ ಲೈನ್‌ಮನ್ ಸೋಮಪ್ಪನ ಫೋನ್ ಬಂತು. ಅವನದು ಕಂಬದ ಮೇಲಿಂದ ಕೂಗಿ ರೂಢಿಯಾದ ಗಂಟಲು. ಇಡೀ ಅಂಗಡಿಗೆ ಕೇಳಿಸಿತು.

"ಅಣ್ಣಾ, ನೆಟ್ ಬಂತು! ಭಾಳ ಜಾಡಿಸಿದ್ರಿ ಕಾಣ್ತೈತಿ. ಕಳ್ಳಿ ಬಿಟ್ಟುಕೊಟ್ಲೇನು?"

"ಬಾಯಿ ಮುಚ್ಚಲೇ. ಆಕಿ ಏನೂ ಕದ್ದಿಲ್ಲ. ನಾನೇ ತಪ್ಪು ಬರೆದಿದ್ದೆ. ಆಕೀನೇ ಸರಿ ಮಾಡಿಸಿದ್ಲು."

"ಹಂಗಂದ್ರ... ಗ್ರೂಪಿನ್ಯಾಗ ಏನ್ ಹಾಕ್ಲಿ?"

"ನಾನೇ ಹಾಕ್ತೀನಿ."

ತಪ್ಪು ನನ್ನದು, ಹರಪನಹಳ್ಳಿಯ ಪುಷ್ಪಲತಾ ಅವರು ನಮಗೆ ಸಹಾಯ ಮಾಡಿದ್ದಾರೆ ಎಂದು ಬರೆದು, ಕಳಿಸುವ ಮೊದಲು ಅವಳಿಗೆ ತೋರಿಸಿದ. ಅವಳು ಓದಿ ತಲೆಯಾಡಿಸಿ, ರೀಚಾರ್ಜಿಗೆ ನಿಂತಿದ್ದವರ ಕಡೆ ಹೋದಳು.

ಗಂಗಾಧರ ಎದ್ದ. ಆಗ ಬಂಗಾರಪ್ಪ ಮೊದಲ ಸಲ ಮಾತಾಡಿದರು.

"ಕಳ್ತನದ ಮಾತು ತೀರಿತು ಬಿಡ್ರಿ. ನಿಮ್ಮಂಥೋರು ಅಂದ್ರಲ್ಲ, ಅದು ಯಾರಿಗ್ರಿ?"

"ಸಿಟ್ಟಿನ್ಯಾಗ ಬಾಯಿತಪ್ಪಿ ಬಂತ್ರಿ."

"ನಂಬರು ತಪ್ಪಿ ಬರೆದ್ರಿ, ಒಪ್ಪಿದೆ. ಇದೂ ತಪ್ಪಿ ಬಂದದ್ದೇನು?"

ಹೌದೆಂದರೆ ಅಲ್ಲಿಗೆ ಮುಗಿಯುತ್ತಿತ್ತು. ಮುದುಕ ಇನ್ನೇನೂ ಕೇಳುತ್ತಿರಲಿಲ್ಲ. ಆದರೆ ಅವರ ಮುಖ ನೋಡಿಕೊಂಡು ಹಾಗೆನ್ನಲು ಗಂಗಾಧರನಿಗೆ ನಾಲಿಗೆ ಏಳಲಿಲ್ಲ.

"ಇಲ್ರಿ," ಎಂದ. "ಒಳಗ ಇತ್ತು. ಬಂತು."

ಬಂಗಾರಪ್ಪ ಅವನನ್ನೇ ನೋಡಿದರು. "ಈಗ ಖರೆ ಹೇಳಿದ್ರಿ," ಎಂದು ಪೇಪರ್ ಎತ್ತಿಕೊಂಡರು.

ಗಂಗಾಧರ ಬಾಗಿಲ ಕಡೆ ನಡೆದ. ನಿಂತವರು ಅವನಿಗೆ ದಾರಿ ಬಿಟ್ಟರು. ಮೈ ಸೋಕದಂತೆ, ಬೇಕಾದದ್ದಕ್ಕಿಂತ ತುಸು ಹೆಚ್ಚೇ ದೂರ ಸರಿದರು.