ನಲವತ್ತೆರಡು ಪುಸ್ತಕ, ಒಂದೇ ತಪ್ಪು

ಮೆಟ್ಟಿಲ ತಿರುವಿನಲ್ಲಿ ಅವಳ ಚಪ್ಪಲಿಯ ಸದ್ದು ಕೇಳಿದ್ದೇ ತಡ ಮೇಲಿನ ಗಲಾಟೆ ನಿಂತುಹೋಯಿತು, ಯಾರೋ ನಲ್ಲಿ ತಿರುಗಿಸಿ ನಿಲ್ಲಿಸಿದ ಹಾಗೆ — ದಿನವೂ ಇದೇ ಹನ್ನೊಂದನೆಯ ಮೆಟ್ಟಿಲಿಗೆ ನಿಲ್ಲುತ್ತದೆ, ದಿನವೂ ಇಲ್ಲಿಗೆ ಬಂದಾಗ ಲೆಕ್ಕದ ಟೀಚರಿಗೆ ಒಳಗೊಳಗೇ ಒಂದು ಬಿಗುಮಾನ, ಇಪ್ಪತ್ತೆರಡು ವರ್ಷ ಗಂಟಲು ಹರಿದುಕೊಂಡು ಸಂಪಾದಿಸಿದ ಮೌನ ಅದು, ಸುಮ್ಮನೆ ಬಂದದ್ದಲ್ಲ, ಆದರೆ ಇವತ್ತು ಎದೆ ಧಸಕ್ಕೆಂದಿತು, ಅಯ್ಯೋ ಮಾತಾಡ್ರೇ, ಇನ್ನೊಂದು ನಿಮಿಷ ಮಾತಾಡಿ, ನಾನಿನ್ನೂ ಬಂದಿಲ್ಲ. ತಬ್ಬಿ ಹಿಡಿದ ಪುಸ್ತಕದ ಕಟ್ಟು ಗದ್ದಕ್ಕೆ ತಾಗುತ್ತಿದೆ, ನಲವತ್ತೆರಡು ಪುಸ್ತಕ, ನಲವತ್ತೆರಡರಲ್ಲೂ ಒಂದೇ ತಪ್ಪು, ಬೆಳಿಗ್ಗೆ ಸ್ಟಾಫ್ ರೂಮಿನಲ್ಲಿ ಮೊದಲನೆಯದಕ್ಕೆ ಕೆಂಪು ಸುತ್ತು ಹಾಕಿ ಕತ್ತೆ ಎಂದುಕೊಂಡಳು, ಎರಡನೆಯದಕ್ಕೂ ಕತ್ತೆ, ಐದನೆಯದಕ್ಕೆ ಬರುವಷ್ಟರಲ್ಲಿ ಎಲ್ಲ ಒಬ್ಬರದ್ದೊಬ್ಬರು ಕಾಪಿ ಹೊಡೆದಿದ್ದಾರೆ ಎಂದು ಹಲ್ಲು ಕಡಿದಳು, ಒಂಬತ್ತನೆಯದಕ್ಕೆ ಪೆನ್ನು ನಿಂತಿತು — ಕಾಪಿಯೇ ಹೌದು, ಆದರೆ ಬೋರ್ಡಿನಿಂದ, ಅವಳದ್ದೇ ಕೈಬರಹದಿಂದ. ಬ್ರ್ಯಾಕೆಟ್ ಬಿಡಿಸುವಾಗ ಹೊರಗೊಂದು ಮೈನಸ್, ಒಳಗೊಂದು ಮೈನಸ್, ಗುಣಿಸಿ ಪ್ಲಸ್ ಆಗಬೇಕಾದಲ್ಲಿ ನಿನ್ನೆ ಇವಳ ಕೈ ಸರಾಗವಾಗಿ ಇನ್ನೊಂದು ಮೈನಸ್ ಎಳೆದಿತ್ತು, ನಲವತ್ತೆರಡು ಮಕ್ಕಳು ಕಣ್ಣಿಗೊತ್ತಿಕೊಂಡು ಬರೆದುಕೊಂಡಿದ್ದರು. ಒಬ್ಬಳು ಮಾತ್ರ ಕೈ ಎತ್ತಿದ್ದಳು.

ಹದಿನೇಳು. ಹಾಜರಿ ನಂಬರೇ ಅವಳ ಹೆಸರಾಗಿಬಿಟ್ಟಿದೆ, ಮಾತಾಡಿದವರ ನಂಬರು ಬೋರ್ಡಿನ ಬಲ ಮೂಲೆಯಲ್ಲಿ ಬರೆಯುವ ಪದ್ಧತಿ ಇವಳದ್ದೇ, ಹೆಡ್ ಮಾಸ್ತರರಿಗೆ ಅದು ಬಹಳ ಹಿಡಿಸಿತ್ತು — ಟೀಚರ್, ಅಲ್ಲಿ, ಎಂದಿದ್ದಳು ಹುಡುಗಿ, ಅಷ್ಟೇ, ಪೂರ್ತಿ ಹೇಳಲು ಇವಳು ಬಿಟ್ಟರೆ ತಾನೆ, ನಾನು ಕೇಳಿದ್ನಾ ನಿನ್ನ, ನಂಗೇ ಪಾಠ ಹೇಳ್ಕೊಡಕ್ಕೆ ಬಂದ್ಯಾ, ಬಾ, ಚಾಕ್ ತಗೋ, ನಾನು ಬಂದು ನಿನ್ನ ಜಾಗದಲ್ಲಿ ಕೂರ್ತೀನಿ. ನಗು. ನಗಲು ಅಪ್ಪಣೆ ಇದ್ದಾಗ ಮಾತ್ರ ಬರುವ ಆ ನಗು. ಹುಡುಗಿಯ ಕೈ ಇಳಿಯಿತು, ಕಿವಿಯ ಹತ್ತಿರ ಒಂದು ಕ್ಷಣ ನಿಂತಿತು, ಕೂದಲು ಹಿಂದಕ್ಕೆ ಸರಿಸಿದ ಹಾಗೆ ಮಾಡಿತು, ಎರಡು ಜಡೆ ಬಿಗಿಯಾಗಿ ಹೆಣೆದ ತಲೆ, ಸರಿಸಲು ಒಂದು ಎಳೆ ಕೂದಲೂ ಹೊರಗಿರಲಿಲ್ಲ. ಮೊನ್ನೆ ಮನೆಯಲ್ಲಿ ಊಟದ ನಡುವೆ ಇವಳ ಮಗಳು, ಅಮ್ಮ, ನಾನೊಂದು ಮಾತಾಡ್ಬಹುದಾ, ಇಲ್ಲಾ ಗೋಡೆ ಮೇಲೆ ನನ್ನ ನಂಬರ್ ಬರೀತೀಯಾ, ಎಂದು ಕೈ ಎತ್ತಿಕೊಂಡು ಕೂತಿದ್ದಳು, ಗಂಡ ಕೆಮ್ಮುವ ನೆಪದಲ್ಲಿ ನಕ್ಕಿದ್ದ, ಇವಳೂ ನಕ್ಕಿದ್ದಳು, ಈಗ ನಗು ಬರುವುದಿಲ್ಲ. ಹದಿನೇಳರ ಪುಸ್ತಕದಲ್ಲಿ ಆ ಮೈನಸ್ಸಿನ ಪಕ್ಕ ಪೆನ್ಸಿಲಿನಲ್ಲಿ ಸಣ್ಣ ಪ್ಲಸ್ ಇತ್ತು, ಉಜ್ಜಿ ಅಳಿಸಿದ್ದು, ಕಾಗದ ತೆಳುವಾಗುವಷ್ಟು ಉಜ್ಜಿದ್ದು, ಕಿಟಕಿಗೆ ಹಿಡಿದರೆ ಈಗಲೂ ಕಾಣುತ್ತದೆ. ಸರಿಯುತ್ತರವನ್ನು ಮಗು ತಪ್ಪು ಮಾಡಿದವರ ಹಾಗೆ ಬಚ್ಚಿಟ್ಟಿದೆ, ಬಚ್ಚಿಡುವುದನ್ನು ಕಲಿಸಿದವಳು ನಾನೇ.

ನಮಸ್ತೇ ಟೀಚರ್ — ನಲವತ್ತೆರಡು ಗಂಟಲು, ಒಂದೇ ರಾಗ, ಬೆಂಚುಗಳ ಕಿರುಗುಟ್ಟು, ಕೂತರು. ಹಿಂದಿನ ಗೋಡೆಗೆ ಒತ್ತಿ ಹಾಕಿದ ಕುರ್ಚಿಯಲ್ಲಿ ಹೊಸ ಟೀಚರ್, ತೊಡೆಯ ಮೇಲೆ ನೋಟ್ ಪುಸ್ತಕ ತೆರೆದುಕೊಂಡು, ಥೂ, ಇವಳು ಇವತ್ತೇ ಬರಬೇಕಿತ್ತೆ, ಇವರ ಕ್ಲಾಸು ಸಂತೆ ಆಗ್ಬಿಟ್ಟಿದೆ ಮೇಡಂ, ನಿಮ್ಮ ಕ್ಲಾಸಲ್ಲಿ ಕೂತು ಶಿಸ್ತು ಅಂದ್ರೆ ಏನೂಂತ ಕಲೀಲಿ, ಎಂದು ಹೆಡ್ ಮಾಸ್ತರರು ಹೇಳಿದಾಗ ಹೂಂ ಎಂದದ್ದೂ ನಾನೇ. ಸುಮ್ಮನೆ ತಿದ್ಕೊಳ್ಳಿ ಅಂದರೆ ಸಾಕು, ತಿದ್ದಿಕೊಳ್ಳುತ್ತಾರೆ, ಯಾಕೆ ಎಂದು ಒಬ್ಬರೂ ಕೇಳುವುದಿಲ್ಲ, ಹೊಸ ಟೀಚರಿಗೂ ಗೊತ್ತಾಗುವುದಿಲ್ಲ, ಒಂದು ಗೆರೆ ಅಡ್ಡ ಇದ್ದದ್ದಕ್ಕೆ ಇನ್ನೊಂದು ಗೆರೆ ಉದ್ದ ಎಳೆದರೆ ಮುಗಿಯಿತು — ಮುಗಿಯಿತೇ, ಬೋರ್ಡಿನ ಮೂಲೆಯಲ್ಲಿ ಇನ್ನೂ 17 ಇದೆ, ಕ್ಲಾಸ್ ಲೀಡರ್ ಉಳಿದದ್ದೆಲ್ಲ ಒರೆಸಿ ಅದೊಂದನ್ನು ಜೋಪಾನವಾಗಿ ಬಿಟ್ಟಿದ್ದಾಳೆ. ಪುಸ್ತಕದ ಕಟ್ಟು ಮೇಜಿನ ಮೇಲಿಟ್ಟು ಮೊದಲು ಡಸ್ಟರ್ ಎತ್ತಿ ಅದನ್ನೇ ಒರೆಸಿದಳು, ನಿನ್ನೆಯ ಲೆಕ್ಕ ಮತ್ತೆ ಬರೆದಳು, ಅದೇ ತಪ್ಪಿನ ಸಮೇತ, ಬೆನ್ನ ಹಿಂದೆ ಸರಸರ ರಫ್ ಪುಸ್ತಕದ ಪುಟ ತಿರುವುವ ಸದ್ದು, ಅಯ್ಯೋ ಇದನ್ನೂ ಬರೆದುಕೊಳ್ಳುತ್ತಿದ್ದಾರೆ. ಪೆನ್ನು ಕೆಳಗಿಡಿ. ನಿನ್ನೆ ಇಲ್ಲಿ ನಾನು ತಪ್ಪು ಮಾಡಿದ್ದೆ. ಧ್ವನಿ ಇಷ್ಟು ಸಣ್ಣಗೆ ಬಂತಲ್ಲ, ಹಿಂದಿನವರಿಗೆ ಕೇಳಿತೋ ಇಲ್ಲವೋ, ಹೊಸ ಟೀಚರ್ ತಲೆ ಎತ್ತಿದಳು, ಕೇಳಿದೆ. ಎಲ್ಲಿ ತಪ್ಪಿದೆ, ಯಾರು ಹೇಳ್ತೀರಾ? ಫ್ಯಾನು ತಿರುಗುತ್ತಿದೆ. ತಲೆಗಳೆಲ್ಲ ಬಗ್ಗಿದವು.

ಹೆಸರು ಹಿಡಿದು ಕರೆದಳು, ಬೆಳಿಗ್ಗೆ ಹಾಜರಿ ಪುಸ್ತಕ ತೆಗೆದು ನಾಲ್ಕು ಸಲ ಬಾಯಲ್ಲೇ ಹೇಳಿಕೊಂಡಿದ್ದ ಹೆಸರು, ಮೂರನೆಯ ಬೆಂಚಿನಲ್ಲಿ ಹುಡುಗಿ ಬೆಚ್ಚಿ ಎದ್ದಳು, ಎರಡೂ ಕೈ ಎದೆಗೆ ಕಟ್ಟಿಕೊಂಡಳು, ಸಾರಿ ಟೀಚರ್, ಇನ್ಮೇಲೆ ಕೈ ಎತ್ತಲ್ಲ. ಇವಳು ಚಾಕ್ ಚಾಚಿದಳು, ಸಾರಿ ನಿಂದಲ್ಲ ಕಣಮ್ಮ, ನಂದು, ನೀನು ನಿನ್ನೆ ಹೇಳಕ್ಕೆ ಹೊರಟಿದ್ದೇ ಸರಿ, ಬಾ, ಚಾಕ್ ತಗೋ — ಎಂದಮೇಲೆ ಕಿವಿಗೆ ಬಿತ್ತು, ನಿನ್ನೆ ಅಂದದ್ದೂ ಇದೇ ಮಾತು, ಅಕ್ಷರ ಅಕ್ಷರ ಇದೇ ಮಾತು, ಕೊಂಕಾಡುವುದಕ್ಕೂ ಕರೆಯುವುದಕ್ಕೂ ಇಪ್ಪತ್ತೆರಡು ವರ್ಷಗಳಲ್ಲಿ ಬೇರೆ ಬೇರೆ ಮಾತು ಇಟ್ಟುಕೊಂಡಿಲ್ಲ, ಎರಡನೆಯ ಬೆಂಚಿನಿಂದ ಯಾರೋ ಆಗಲೇ ವಿಧೇಯವಾಗಿ ನಕ್ಕರು, ಮಗು ಹೇಗೆ ನಂಬಬೇಕು. ಚಾಕ್ ಹಿಡಿದ ಕೈ ಹಿಂದೆ ತೆಗೆಯುವುದಿಲ್ಲ, ಬೆಂಚಿನ ತನಕ ಹೋದಳು, ಹೋಗಿ ಕೂತಳು, ಹುಡುಗಿ ಪಕ್ಕಕ್ಕೆ ಸರಿದು ಬಿಟ್ಟ ಜಾಗದಲ್ಲೇ, ಮಂಡಿ ಬೆಂಚಿಗೆ ತಾಗಿ ನೋಯಿತು, ನಿಜವಾಗ್ಲೂ ಕಣೇ, ಈ ಸಲ ನಿಜವಾಗ್ಲೂ. ಹುಡುಗಿಯ ಕಟ್ಟಿದ ಕೈ ಬಿಚ್ಚಿತು, ಒಂದು ಕೈ ಮೇಲೆ ಬಂತು, ಬಾ, ಇನ್ನೂ ಸ್ವಲ್ಪ, ಚಾಕ್ ಇಲ್ಲೇ ಇದೆ, ಮೇಲೆ ಬಂತು, ಕಿವಿಯ ತನಕ ಬಂತು, ನಿಂತಿತು, ಇಲ್ಲದ ಕೂದಲನ್ನು ಹಿಂದಕ್ಕೆ ಸರಿಸಿತು, ಅಲ್ಲೇ ಇತ್ತು, ಕಿವಿಯ ಹತ್ತಿರ, ಆ ಕೈ, ಇಲ್ಲದ ಕೂದಲು, ಆ ಕೈ, ಚಾಕ್ ಇನ್ನೂ ನನ್ನ ಕೈಯಲ್ಲೇ.