ಈಜುಕೊಳದ ಟ್ಯೂನಾ

"ಉಜ್ಜಿಕೊಳ್ಳಿ ಬೇವರ್ಸಿಗಳಾ, ಕಂಕುಳು ಸರಿಯಾಗಿ ಉಜ್ಜಿಕೊಳ್ಳಿ. ಇದು ನನ್ನ ಮಗಳು ಈಜುವ ನೀರು."

ರಾಘಣ್ಣ ಧಣಿ ತೋಟದ ಪೈಪನ್ನು ನಮ್ಮ ಕಡೆ ತಿರುಗಿಸಿದ. ವಾಚ್‌ಮನ್ ಬಕೆಟ್ಟಿನಲ್ಲಿ ಡೆಟಾಲ್ ಕದಡಿ ತಂದು ಒಬ್ಬೊಬ್ಬರ ತಲೆಗೂ ಸುರಿದ. ನಾವು ಏಳು ಜನ, ಹೆಂಡತಿ ಮಕ್ಕಳಿರುವ ಗಂಡಸರು, ಪುಣೆಯ ಸಾಸವಡ ರಸ್ತೆಯ ಅವನ ಫಾರ್ಮ್‌ಹೌಸಿನ ಹುಲ್ಲಿನ ಮೇಲೆ ಬರೀ ಚಡ್ಡಿಯಲ್ಲಿ ಸಾಲಾಗಿ ನಿಂತಿದ್ದೆವು. ಪಂಢರಪುರದ ಪಾಲಖಿ ಮೆರವಣಿಗೆ ಆ ದಾರಿಯಲ್ಲಿ ದಾಟಿ ಹೋಗಿ ಒಂದು ವಾರವಾಗಿತ್ತು. ಜಿಟಿಜಿಟಿ ಮಳೆ, ಮೈ ನಡುಗುವ ಚಳಿ.

ರಾಘಣ್ಣ ನಮ್ಮ ಗಂಗೊಳ್ಳಿಯ ಕಡೆಯವನೇ. ಅಲ್ಲಿ ಅವನ ಬೋಟು, ಪುಣೆಯ ಕೋಥರೂಡಿನಲ್ಲಿ ಮೀನೂಟದ ಹೋಟೆಲು. ಮಳೆಗಾಲದಲ್ಲಿ ಬೋಟು ಇಳಿಸಬಾರದೆಂದು ಸರಕಾರ ಹೇಳಿದರೆ ಉಳಿದ ಮೀನುಗಾರರು ಮನೆಯಲ್ಲಿ ಕೂತು ಬಲೆ ಹೆಣೆಯುತ್ತಾರೆ. ನಾವು ಪುಣೆಗೆ ಬಂದು ಇವನ ಎಂಜಲು ತಟ್ಟೆ ತೊಳೆಯುತ್ತೇವೆ. ಬರದವನಿಗೆ ಸೀಸನ್ನಿನಲ್ಲಿ ಬೋಟಿನಲ್ಲಿ ಜಾಗವಿಲ್ಲ. ಬೋಟಿನ ಧಣಿ ಎಂದು ಎದೆಯುಬ್ಬಿಸಿ ತಿರುಗುವ ಈ ಮಹಾಶಯನಿಗೆ ದೋಣಿ ಹತ್ತಿದರೆ ವಾಂತಿ ಬರುತ್ತದೆ. ಮೊಣಕಾಲಿನಿಂದ ಮೇಲಿನ ನೀರಿಗೆ ಅವನು ಇಳಿದದ್ದನ್ನು ಯಾರೂ ಕಂಡಿಲ್ಲ.

ಈ ವರ್ಷ ಅವನಿಗೆ ಟ್ಯೂನಾದ ಹುಚ್ಚು ಹಿಡಿದಿತ್ತು. ನಾವು ಕೇದರ ಎನ್ನುವ ಮೀನೇ, ಆದರೆ ಜಪಾನಿನವರು ತಿನ್ನುತ್ತಾರೆಂದು ಗೊತ್ತಾದ ಮೇಲೆ ಅವನ ಬಾಯಲ್ಲಿ ಅದು ಟ್ಯೂನಾ. ಅದಕ್ಕೆ ದಡ ಕಾಣದಷ್ಟು ದೂರ ಹೋಗಬೇಕು, ಉದ್ದದ ಗಾಳದ ಹಗ್ಗ ಬಿಟ್ಟು ಕಾಯಬೇಕು. ನೀರಿನೊಳಗೆ ಮೀನು ತೋರಿಸುವ ಯಂತ್ರ ಬೇಕೆಂದು ವಿಮಾನ ನಗರದ ಅಂಗಡಿಯೊಂದರಿಂದ ಚನ್ನವೀರ ಎಂಬ ಮಾರಾಟಗಾರನನ್ನು ಕರೆಸಿದ್ದ. ಧಾರವಾಡದ ಹುಡುಗ, ಟೈ ಕಟ್ಟಿದ್ದ. ಸಮುದ್ರವನ್ನು ಕ್ಯಾಲೆಂಡರಿನಲ್ಲಿ ನೋಡಿರಬೇಕು.

ಅಂಗಡಿಯ ಪರದೆಯ ಮೇಲೆ ಓಡಾಡುವ ಮೀನು ಸಿನಿಮಾ ಇದ್ದ ಹಾಗೆ, ಮೊದಲೇ ತುಂಬಿಸಿಟ್ಟದ್ದು ಎಂದು ರಾಘಣ್ಣನಿಗೆ ಅನುಮಾನ. ನಿಜವಾಗಿ ಅಲ್ಲಾಡುವುದನ್ನು ಕಣ್ಣಾರೆ ಕಾಣಬೇಕು. ಪುಣೆಯಲ್ಲಿ ಸಮುದ್ರವಿಲ್ಲ, ಅವನಿಗೆ ಈಜುಕೊಳವಿದೆ. ಮೀನಿಲ್ಲ, ನಾವಿದ್ದೇವೆ. ಹೀಗೆ ಹೋಟೆಲಿನ ಹಿತ್ತಿಲಿನಿಂದ ಟೆಂಪೋ ಹತ್ತಿಸಿ ತಂದು ನಮ್ಮನ್ನು ತೊಳೆಸಿದ. ಸಂಜೆ ಮಗಳು ಭವ್ಯಶ್ರೀಯ ನಿಶ್ಚಿತಾರ್ಥ, ಬೀಗರು ಬರುವುದರೊಳಗೆ ಮುಗಿಯಬೇಕೆಂದು ಅವಸರ.

ಚನ್ನವೀರ ಕೊಳದ ಅಂಚಿನ ಮೇಜಿನ ಮೇಲೆ ಎರಡು ಪೆಟ್ಟಿಗೆ ಇಟ್ಟಿದ್ದ. ಒಂದು ದೊಡ್ಡ ಬಣ್ಣದ ಪರದೆಯದು. ಅದರ ಹಿಂದಿನಿಂದ ದಪ್ಪ ಕೇಬಲ್ ಹೊರಟು, ತುದಿಯಲ್ಲಿ ಲೋಟದಷ್ಟು ದೊಡ್ಡ ಕರಿ ಗುಂಡು. ಅದು ಯಂತ್ರದ ಕಣ್ಣಂತೆ. ಅದನ್ನು ಆಳದ ಕಡೆ ನೀರಿಗೆ ಇಳಿಬಿಟ್ಟ. ಇನ್ನೊಂದು ಪೆಟ್ಟಿಗೆ ರೇಡಿಯೋ, ನಡುಸಮುದ್ರದಿಂದ ಬೇರೆ ಹಡಗನ್ನು ಕೂಗಿ ಕರೆಯುವಂಥದ್ದು. ನಮ್ಮ ಕಣ್ಣೆಲ್ಲ ಅದರ ಮೇಲೆಯೇ.

ನಮ್ಮ ತಾಂಡೇಲ ಸುಬ್ಬಯ್ಯ, ಬೋಟು ನಡೆಸುವವನು, ಒದ್ದೆ ಮೈಯಲ್ಲೇ ಕೈ ಮುಗಿದ.

"ರಾಘಣ್ಣ, ಆ ಮಾತಾಡು ಪೆಟ್ಟಿಗೆ ಒಂದ್ ಹಾಕ್ಸಿ ಕೊಡಿ. ಬೇರೆ ಎಂತದೂ ಬೇಡ."

"ಯಾಕೆ? ಹೆಂಡ್ತಿ ಹತ್ರ ಪಟ್ಟಾಂಗ ಹೊಡಿಲಿಕ್ಕಾ? ಮೀನು ಎಲ್ಲಿ ಉಂಟು ಅಂತ ಬೇರೆ ಬೋಟಿನ ಬೋಳಿಮಕ್ಕಳಿಗೆ ಹೇಳ್ಲಿಕ್ಕಾ? ನೀರಿಗೆ ಬೀಳು."

ಕಳೆದ ಸೀಸನ್ನಿನಲ್ಲಿ ನನ್ನ ಅಣ್ಣ ಹರಿಶ್ಚಂದ್ರನ ಕೈ ಹಗ್ಗದ ಯಂತ್ರಕ್ಕೆ ಸಿಕ್ಕಿತ್ತು, ರಕ್ತ ನಿಲ್ಲಲಿಲ್ಲ. ಎಂಜಿನ್ನೂ ಅದೇ ದಿನ ಕೈಕೊಟ್ಟಿತು. ದೂರದಲ್ಲಿ ದೊಡ್ಡ ಹಡಗುಗಳು ಹೋಗುತ್ತಿದ್ದವು. ಅಂಗಿ ಬೀಸಿದೆವು, ಸೀಮೆಎಣ್ಣೆ ಸುರಿದು ಬಟ್ಟೆ ಸುಟ್ಟೆವು, ಗಂಟಲು ಹರಿಯುವಂತೆ ಕೂಗಿದೆವು. ಅವನು ನನ್ನ ತೊಡೆಯ ಮೇಲೆ ತಲೆಯಿಟ್ಟು ಸತ್ತ. ಮೀನಿನ ಐಸಿನಲ್ಲೇ ಇಟ್ಟು ಊರಿಗೆ ತಂದೆವು. ಬಂದರಿಗೆ ಬಂದ ರಾಘಣ್ಣ ಮೊದಲು ಕೇಳಿದ್ದು, ಆ ಐಸಿನಲ್ಲಿದ್ದ ಮೀನನ್ನು ಏನು ಮಾಡಿದಿರಿ ಎಂದು.

ನೀರಿಗೆ ಬಿದ್ದೆವು. ಗುಂಡಿನ ಕೆಳಗೆ ಒಬ್ಬೊಬ್ಬರಾಗಿ ಮುಳುಗಿ ಹಾಯುವಂತೆ ಅಪ್ಪಣೆಯಾಯಿತು. ಮೇಲೆ ರಾಘಣ್ಣ ಕುರ್ಚಿ ಎಳೆದುಕೊಂಡು ಪರದೆಯ ಮುಂದೆ ಕೂತ. ದಪ್ಪಗಿನ ಸುಬ್ಬಯ್ಯ ಹಾದಾಗ ಟ್ಯೂನಾ ಎಂದು ಚಪ್ಪಾಳೆ ತಟ್ಟಿದ. ನಾನು ಹಾದಾಗ ಬಂಗುಡೆ ಎಂದ. ಅಡುಗೆಯವರನ್ನೂ ಕರೆದು ತೋರಿಸಿ ನಗಿಸಿದ. ನಾಲ್ಕು ಸಲ ಹಾದ ಮೇಲೆ ಸುಬ್ಬಯ್ಯನ ಗುರುತು ಮಸುಕಾಯಿತು. ಅವನಿಗೆ ದಮ್ಮು ಕಟ್ಟಿತ್ತು.

"ಎದಿಯಾಗ ಗಾಳಿ ತುಂಬ್ಕೊಂಡು ಮುಳುಗಾಕ ಹೇಳ್ರಿ, ಛಲೋ ಕಾಣ್ತದ," ಎಂದ ಚನ್ನವೀರ. "ಭಾಳಷ್ಟು ಮೀನಿನ ಹೊಟ್ಟ್ಯಾಗೂ ಗಾಳಿ ಚೀಲ ಇರ್ತದ್ರಿ. ಗಾಳಿ ಇಲ್ಲಂದ್ರ ಮನಷಾನೂ ಅಷ್ಟ ಕಾಣಂಗಿಲ್ಲ."

"ಕೇಳಿತಾ? ಗಾಳಿ ತುಂಬಿಕೊಳ್ಳಿ. ಸತ್ತ ಹರಿಶ್ಚಂದ್ರನ ಹಾಗೆ ಉಸಿರಿಲ್ಲದೆ ಮುಳುಗಬೇಡಿ."

ಹೇಳಿ ಅವನೇ ನಕ್ಕ. ಪರದೆಯ ಪೆಟ್ಟಿಗೆ ಇರಲಿ, ರೇಡಿಯೋ ವಾಪಸ್ ಒಯ್ಯಿರಿ ಎಂದು ಚನ್ನವೀರನಿಗೆ ಹೇಳಿದ. ನಮಗೆ ಹೊರಗೆ ಬರಲು ಕೈಸನ್ನೆ ಮಾಡಿದ.

ಸುಬ್ಬಯ್ಯ ಮೆಟ್ಟಿಲಿನ ತನಕ ಈಜಿ, ತಿರುಗಿ ನಡುನೀರಿಗೆ ಬಂದ. ಅವನ ಮುಖ ನೋಡಿ ನಾನೂ ನಿಂತೆ. ಮಿಕ್ಕವರೂ ನಿಂತರು.

"ರೇಡಿಯೋ ನಮ್ ಕೈಗೆ ಬಪ್ಪೂವರೆಗೂ ನಾವ್ ಮೇಲೆ ಬಪ್ಪುದಿಲ್ಲ," ಎಂದ ಸುಬ್ಬಯ್ಯ. "ಬೇಕಾರೆ ನೀವೇ ಇಳ್ದ್ ಬನಿ."

ರಾಘಣ್ಣ ಬಾಯಿಗೆ ಬಂದಂತೆ ಬೈದ. ಬೈಗುಳದಲ್ಲಿ ನಮ್ಮ ಅಮ್ಮಂದಿರು ಬಂದರು, ಹೆಂಡತಿಯರು ಬಂದರು, ಜಾತಿಯೂ ಬಂತು. ವಾಚ್‌ಮನ್ನನಿಗೆ ಇಳಿಯಲು ಹೇಳಿದ. ಅವನು ಸೊಂಟದ ನೀರಿನ ತನಕ ಬಂದು ವಾಪಸ್ ಹೋದ. ಪೊಲೀಸರನ್ನು ಕರೆಸುತ್ತೇನೆಂದ, ಕರೆಸಲಿಲ್ಲ. ನಿಶ್ಚಿತಾರ್ಥದ ಮನೆಗೆ ಪೊಲೀಸ್ ಜೀಪು ಬಂದರೆ ಮಾನ ಹೋಗುತ್ತದಲ್ಲ. ನಮ್ಮ ಮಾನವನ್ನು ಮಧ್ಯಾಹ್ನವೇ ಪೈಪಿನಲ್ಲಿ ತೊಳೆದಾಗಿತ್ತು, ನಮಗೆ ಆ ಚಿಂತೆಯಿರಲಿಲ್ಲ. ಕಡೆಗೆ ಮೋಟಾರು ಹಾಕಿಸಿ ಕೊಳ ಖಾಲಿ ಮಾಡಿಸತೊಡಗಿದ.

ಕತ್ತಿನ ನೀರು ಎದೆಗಿಳಿಯಿತು, ಸಂಜೆಯ ಹೊತ್ತಿಗೆ ಕಣಕಾಲಿಗೆ ಬಂತು. ಗೇಟಿನ ಹತ್ತಿರ ಬೀಗರ ಕಾರುಗಳು ಬಂದು ನಿಂತವು. ಚನ್ನವೀರ ರೇಡಿಯೋವನ್ನು ಮೇಜಿನ ಮೇಲಿಂದ ಎತ್ತಿಕೊಂಡು ಹೊರಡುವುದನ್ನು ಕಂಡೆ. ಮುಂದೆ ತೂಗುತ್ತಿದ್ದ ಕರಿ ಗುಂಡನ್ನು ಹಿಡಿದು ಕೇಬಲ್ಲನ್ನು ಮುಂಗೈಗೆ ಸುತ್ತಿಕೊಂಡೆ, ಎಳೆದೆ. ಪರದೆಯ ಪೆಟ್ಟಿಗೆ ಮೇಜಿನ ಮೇಲೆ ಕಿರ್ರೆಂದು ಸರಿಯಿತು.

ರಾಘಣ್ಣ ಓಡಿಬಂದು ಅದನ್ನು ಎರಡೂ ತೋಳಿನಿಂದ ತಬ್ಬಿಕೊಂಡ. ಮಧ್ಯಾಹ್ನ ನಮ್ಮ ನೆರಳು ತಾಗದಂತೆ ನಡೆದವನು ಹೊಟ್ಟೆಯನ್ನೆಲ್ಲ ಒತ್ತಿ ಆ ಪೆಟ್ಟಿಗೆಯನ್ನು ಅಪ್ಪಿದ್ದ. ಮೇಜು ಉರುಳಿತು. ಸಿಹಿಯ ತಟ್ಟೆ ಹಿಡಿದು ಬಂದ ಬೀಗರು ಹುಲ್ಲಿನ ಮೇಲೆ ಹಾಗೇ ನಿಂತರು. ಭವ್ಯಶ್ರೀ ಅಪ್ಪಾ ಎಂದು ಕರೆದದ್ದು ಕೇಳಿತು.

"ಬಿಡ್ರಿ ಸಾಹೇಬ್ರ, ಬೀಳ್ತೀರಿ, ಕೈ ಬಿಡ್ರಿ," ಎಂದ ಚನ್ನವೀರ.

ಅವನು ಬಿಡಲಿಲ್ಲ. ಸುಬ್ಬಯ್ಯ ನನ್ನ ಹಿಂದೆ ಬಂದು ಕೇಬಲ್ ಹಿಡಿದ, ಅವನ ಹಿಂದೆ ಉಳಿದವರು. ಕೊಳದ ನೀರು ನಮ್ಮ ಹಿಮ್ಮಡಿಗೆ ಇಳಿದಿತ್ತು, ಕೆಳಗೆ ಬರೀ ಟೈಲ್ಸು. ಮೇಲೆ ರಾಘಣ್ಣನ ಹೊಸ ಚಪ್ಪಲಿಗಳ ತುದಿ ಅಂಚು ದಾಟಿ ಹೊರಬಂತು.

"ರೇಡಿಯೋ," ಎಂದ ಸುಬ್ಬಯ್ಯ, ಮೇಲೆ ನೋಡಿ.

ರಾಘಣ್ಣ ನಮ್ಮಮ್ಮನ ಹೆಸರು ಹಿಡಿದು ಬೈದ.

ಎಳೆದೆವು.