ಕೊನೆಯ ಪಾಳಿಯ ಬಿಲ್ಲೆ

ಗೂರ ಬ್ರಾಡುಲುಯ್ ಎಂಬ ಆ ಬೆಟ್ಟದೂರಿಗೆ ಕಲ್ಲಿದ್ದಲೇ ಬಾಯಿಗೆ ತುತ್ತು. ಚಕ್ರವರ್ತಿಯ ಕಾಲದಲ್ಲಿ ತೋಡಿದ ಗಣಿ. ರಾಜರು ಬಂದರು, ಹೋದರು. ಕೆಂಪು ಬಾವುಟದ ಪಕ್ಷದವರು ಬಂದರು, ಅವರೂ ಹೋದರು. ಇದ್ದಲು ಮಾತ್ರ ಮೇಲೆ ಬರುತ್ತಲೇ ಇತ್ತು. ರೈಲು, ಆಸ್ಪತ್ರೆ, ಫುಟ್‌ಬಾಲ್ ತಂಡ ಎಲ್ಲ ಅದರ ಕೂಸುಗಳೇ. ಆ ಗಣಿಗೆ ಈಗ ಬಾಗಿಲು ಹಾಕುತ್ತಿದ್ದರು. ಗಂಡಸರೆಲ್ಲ ಸ್ಪೇನಿಗೆ ಗಾರೆ ಕೆಲಸಕ್ಕೆ ಹೊರಟಿದ್ದರು. ಗಣಿ ಕೆಲಸಗಾರ ಜಹಾರಿಯೆಯ ಹೆಂಡತಿ ಸವೇತಾಳ ಅಣ್ಣ ಯೋಸಿಫನೂ ಬರುವ ವಾರ ಹೊರಡುವವನಿದ್ದ. ಮಕ್ಕಳೊಂದಿಗ, ಬೇರೆ ದಾರಿ ಏನಿತ್ತು ಪಾಪ?

ಅವತ್ತು ಕೊನೆಯ ಪಾಳಿ. ಇಳಿಯುವ ಮುಂಚೆ ಪ್ರತಿಯೊಬ್ಬನೂ ಗಣಿದೀಪಗಳನ್ನಿಡುವ ಕೋಣೆಯ ಹಲಗೆಯಿಂದ ತನ್ನ ಹಿತ್ತಾಳೆ ಬಿಲ್ಲೆ ತೆಗೆದುಕೊಳ್ಳಬೇಕು, ಹತ್ತಿ ಬಂದ ಮೇಲೆ ಅದೇ ಕೊಕ್ಕೆಗೆ ಹಾಕಬೇಕು. ಕೊಕ್ಕೆ ಖಾಲಿ ಇದ್ದರೆ ಮನುಷ್ಯ ಒಳಗೇ ಇದ್ದಾನೆ ಎಂದರ್ಥ. ಇಷ್ಟು ವರ್ಷ ತಪ್ಪದೆ ನೇತುಹಾಕಿದ ಜಹಾರಿಯೆಗೆ ಅವತ್ತು ಏನು ಬಡಿದಿತ್ತೋ! ಪಾಳಿ ಮುಗಿಸಿ ಹತ್ತಿ ಬಂದವನು, ಇನ್ನು ಯಾರು ನೋಡುತ್ತಾರೆ, ನೆನಪಿಗಿರಲಿ ಎಂದು ಬಿಲ್ಲೆಯನ್ನು ಜೇಬಿಗೆ ಇಳಿಸಿ, ಮೇಲಿನ ಕುರಿದೊಡ್ಡಿಗೆ ಚೀಸ್ ತರಲು ಹೊರಟುಬಿಟ್ಟ.

ದಾರಿಯಲ್ಲಿ ಗಣಿಯ ಸೈರನ್ ಕೇಳಿಸಿತು. ನಿಲ್ಲಲೇ ಇಲ್ಲ. ಬೀಳ್ಕೊಡುಗೆಗೆ ಕೂಗಿಸುತ್ತಿದ್ದಾರೆ ಎಂದುಕೊಂಡು ಆ ಪೆದ್ದ ಟೋಪಿ ತೆಗೆದು ನಿಂತ, ಕಣ್ಣೂ ಒರೆಸಿಕೊಂಡ. ದೊಡ್ಡಿಯಲ್ಲಿ ಕುರುಬರೊಡನೆ ಪ್ಲಮ್ ಸಾರಾಯಿ ಏರಿಸಿ ಸಾವಕಾಶವಾಗಿ ಇಳಿದು ಬಂದ.

ಗಣಿಯ ಗೇಟಿನ ಮುಂದೆ ಊರಿಗೆ ಊರೇ ನೆರೆದಿತ್ತು. ಹೆಂಗಸರ ಕೈಯಲ್ಲಿ ಮೇಣದ ಬತ್ತಿ. ನಡುವೆ ಸವೇತಾ ಕುಸಿದು ಕೂತಿದ್ದಳು. ಗಂಡನನ್ನು ಕಂಡವಳು ಚೀರಲಿಲ್ಲ. ಅವನ ತೋಳು, ಮುಖ ಮುಟ್ಟಿ ಮುಟ್ಟಿ ನೋಡಿದಳು. ಕೊಕ್ಕೆ ಖಾಲಿ ಇದ್ದದ್ದು ಕಂಡು ಅವನನ್ನು ಹುಡುಕಲು ಯೋಸಿಫನ ರಕ್ಷಣಾ ತಂಡ ಇಳಿದಿತ್ತು ಎಂದು ಪಕ್ಕದವರು ಹೇಳಿದರು. ಗಣಿ ಮುಚ್ಚುವುದೇ ತಾನೆ ಎಂದು ಹಳೆಯ ಸುರಂಗದ ಆಸರೆ ಕಂಬಗಳನ್ನು ಆಗಲೇ ಕಿತ್ತಿದ್ದರು. ಚಾವಣಿ ಜರಿದು ಯೋಸಿಫನ ಕಾಲಿನ ಮೇಲೆ ಬಿದ್ದಿತ್ತು.

ಅಷ್ಟರಲ್ಲಿ ಸ್ಟ್ರೆಚರ್ ಹೊರಬಂತು. ಮೊಣಕಾಲಿನ ಕೆಳಗೆ ನೋಡುವ ಹಾಗಿರಲಿಲ್ಲ. ಸ್ಪೇನಿನ ಮಾತು ಅಲ್ಲಿಗೆ ಮುಗಿದಿತ್ತು. ಆದರೂ ಜಹಾರಿಯೆಯನ್ನು ಕಂಡು ಯೋಸಿಫನ ಮಸಿ ಮುಖ ಅರಳಿತು. ಅವನ ಕೈ ಗಟ್ಟಿಯಾಗಿ ಹಿಡಿದುಕೊಂಡ.

"ಯಾವ ಕಡೆಯಿಂದ ಹತ್ತಿ ಬಂದ್ಯೋ ಮಾರಾಯ? ನಿನ್ನ ಕೂಗಿ ಕೂಗಿ ನನ್ನ ಗಂಟ್ಲೇ ಹೋಯ್ತಲ್ಲೋ."

ಹಳೇ ಗಾಳಿ ಸುರಂಗದಿಂದ ಎಂದಿದ್ದರೆ ಸಾಕಿತ್ತು. ಊರು ನಂಬುತ್ತಿತ್ತು, ಹೆಗಲ ಮೇಲೆ ಹೊತ್ತು ಮೆರೆಸುತ್ತಿತ್ತು. ಮಾತು ನಾಲಿಗೆಯ ತುದಿಗೂ ಬಂದಿತ್ತು. ಆದರೆ ಭಾವ ಕೈ ಬಿಟ್ಟಿರಲಿಲ್ಲ.

"ನಾನು ಒಳಗೇ ಇರ್ಲಿಲ್ಲ ಭಾವ. ನೆನಪಿಗಿರ್ಲಿ ಅಂತ ಬಿಲ್ಲೆ ಜೇಬಿಗೆ ಹಾಕ್ಕೊಂಡು ದೊಡ್ಡಿಗೆ ಹೋಗಿದ್ದೆ."

ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಜಹಾರಿಯೆಗೆ. ನಾಚಿಕೆಯಿಂದ ತಲೆಯೆತ್ತಲಾಗಲಿಲ್ಲ. ಬೈಯಲಿ, ಉಗಿಯಲಿ, ಯಾರಾದರೂ ಕೆನ್ನೆಗೆ ಬಾರಿಸಲಿ ಎಂದು ಕಾದ. ಯೋಸಿಫ್ ಕೈ ಸಡಿಲಿಸಿ ತಂಗಿಯತ್ತ ತಿರುಗಿದ.

"ಮನೆಗೆ ಕರ್ಕೊಂಡು ಹೋಗಮ್ಮ ಇವನ್ನ. ಹಸ್ದಿರ್ತಾನೆ."

ಸವೇತಾ ಬರಿಗೈಯಿಂದಲೇ ಮುಖ ಒರೆಸಿಕೊಂಡು ಎದ್ದಳು. ಗಂಡನ ಕಡೆ ನೋಡದೆ ಅಣ್ಣನ ಸ್ಟ್ರೆಚರಿನ ಹಿಂದೆ ನಡೆದಳು.